ಎದೆಯ ನಾಳ ಯಾವುದಕ್ಕೆ, ಕಾಲಿನ ನಾಳ ಯಾವುದಕ್ಕೆ? ಬೈಪಾಸ್ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯವು. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಮನೆಯಲ್ಲಿ ಯಾರದಾದರೂ ಆಂಜಿಯೋಗ್ರಾಂ (ಹೃದಯದ ನಾಳಗಳಿಗೆ ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್-ರೇ ಚಿತ್ರ) ವರದಿ ಇದ್ದರೆ ಪಕ್ಕದಲ್ಲಿಟ್ಟುಕೊಂಡು ಓದಿ.

ಅಪ್ಪನಿಗೆ 62 ವರ್ಷ. ಆಂಜಿಯೋಗ್ರಾಂನಲ್ಲಿ ಮೂರು ಬ್ಲಾಕ್, 90, 80 ಮತ್ತು 70 ಪರ್ಸೆಂಟ್ ಎಂದು ಬಂದಿದೆ. ಬೈಪಾಸ್ ಮಾಡಿದರೆ ಈ ಬ್ಲಾಕ್‌ಗಳನ್ನು ಕತ್ತರಿಸಿ ತೆಗೆಯುತ್ತಾರೆಯೇ?
(ಓದುಗರೊಬ್ಬರು, ಹಾಸನ)

ಇಲ್ಲ. ಬ್ಲಾಕ್ ಇದ್ದಲ್ಲೇ ಇರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕಿಂತ ಮುಂದೆ, ನಾಳ ಇನ್ನೂ ಚೆನ್ನಾಗಿರುವ ಜಾಗಕ್ಕೆ, ಬೇರೊಂದು ನಾಳ ತಂದು ಹೊಲಿಯುತ್ತಾರೆ. ನಾಲೆಗೆ ಗುಡ್ಡ ಕುಸಿದಾಗ ಮಣ್ಣು ತೆಗೆಯಲು ಹೋಗದೆ ಪಕ್ಕದಿಂದ ಹೊಸ ಕಾಲುವೆ ತೋಡಿ ಕೆಳಗಿನ ಗದ್ದೆಗೆ ನೀರು ಹಾಯಿಸುತ್ತಾರಲ್ಲ, ಹಾಗೆ.

ಹೃದಯದ ಒಳಗೆ ಸದಾ ರಕ್ತ ತುಂಬಿದ್ದರೂ ಅದರ ಗೋಡೆಯ ಸ್ನಾಯುವಿಗೆ ಆ ರಕ್ತ ನೇರವಾಗಿ ಸಿಗುವುದಿಲ್ಲ. ಮಹಾಪಧಮನಿ ಹೃದಯದಿಂದ ಹೊರಟ ಕೂಡಲೇ ಅದರ ಬುಡದಲ್ಲಿ ಎರಡು ಕವಲು ಒಡೆಯುತ್ತವೆ. ಇವೇ ಹೃದಯದ ಸ್ವಂತ ನಾಳಗಳು, ಕರೋನರಿಗಳು. ಎಡಗಡೆಯ ಮುಖ್ಯ ನಾಳ ಒಂದೆರಡು ಸೆಂಟಿಮೀಟರ್ ಹೋಗಿ ಮತ್ತೆ ಎರಡಾಗುತ್ತದೆ. ಒಂದು ಹೃದಯದ ಮುಂಭಾಗದಲ್ಲಿ ತುದಿಯವರೆಗೆ ಇಳಿಯುತ್ತದೆ, ವರದಿಯಲ್ಲಿ ಅದು ಎಲ್‌ಎಡಿ. ಇನ್ನೊಂದು ಹಿಂದಕ್ಕೆ ಸುತ್ತಿಕೊಂಡು ಹೋಗುತ್ತದೆ, ಅದು ಎಲ್‌ಸಿಎಕ್ಸ್. ಬಲಗಡೆಯದು ಆರ್‌ಸಿಎ. ‘ಮೂರು ನಾಳದ ಕಾಯಿಲೆ’ ಎಂದರೆ ಈ ಮೂರರಲ್ಲೂ ಕೊಬ್ಬು, ಸುಣ್ಣ ಕಟ್ಟಿ ದಾರಿ ಕಿರಿದಾಗಿದೆ ಎಂದರ್ಥ.

ಪರ್ಸೆಂಟ್ ಲೆಕ್ಕ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. 70 ಪರ್ಸೆಂಟ್ ಬ್ಲಾಕ್ ಎಂದರೆ ಇನ್ನೂ 30 ಪರ್ಸೆಂಟ್ ರಕ್ತ ಹೋಗುತ್ತಿದೆ ಎಂದಲ್ಲ. ವರದಿಯ ಅಂಕಿ ನಾಳದ ವ್ಯಾಸದ್ದು. ವ್ಯಾಸ 70 ಪರ್ಸೆಂಟ್ ಕುಗ್ಗಿದರೆ ಒಳಗಿನ ದಾರಿಯ ವಿಸ್ತೀರ್ಣದಲ್ಲಿ ಉಳಿಯುವುದು ಬರೀ 9 ಪರ್ಸೆಂಟ್. ಸುಮ್ಮನೆ ಕೂತಾಗ ಅಷ್ಟೇ ಸಾಕಾಗುತ್ತದೆ. ಮೆಟ್ಟಿಲು ಹತ್ತುವಾಗ ಸ್ನಾಯು ಹೆಚ್ಚು ಕೇಳುತ್ತದೆ, ನಾಳ ಕೊಡಲಾರದು, ಎದೆ ಹಿಡಿಯುತ್ತದೆ. ಅದಕ್ಕೇ ಸಾಮಾನ್ಯವಾಗಿ 70 ಪರ್ಸೆಂಟ್ ದಾಟಿದ್ದನ್ನು ಗಂಭೀರ ಎನ್ನುತ್ತೇವೆ. ಎಡ ಮುಖ್ಯ ನಾಳದಲ್ಲಿ ಮಾತ್ರ 50 ಪರ್ಸೆಂಟೇ ಗಂಭೀರ, ಏಕೆಂದರೆ ಅದು ಕಟ್ಟಿದರೆ ಎಡ ಹೃದಯದ ಬಹುಭಾಗ ಒಮ್ಮೆಗೇ ನಿಲ್ಲುತ್ತದೆ.

ಮೂರು ಸ್ಟೆಂಟ್ ಹಾಕಿಸಿದರೆ ಎರಡು ದಿನದಲ್ಲಿ ಮನೆಗೆ ಬರಬಹುದು. ಆದರೂ ನಮ್ಮ ಅಮ್ಮನಿಗೆ ಎದೆ ತೆರೆಯಲೇಬೇಕು ಎನ್ನುತ್ತಿದ್ದಾರೆ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ.
(ಶಿವಮೊಗ್ಗ)

ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರ ಇದೆ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಒಂದು ಕಡೆ ಕಟ್ಟಿ ಉಳಿದೆಡೆ ಚೆನ್ನಾಗಿರುವುದು ಅಪರೂಪ. ಉದ್ದಕ್ಕೂ ಅಲ್ಲಲ್ಲಿ ಕೊಬ್ಬು ಕೂತಿರುತ್ತದೆ. ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆ ತಾನು ಕೂತ ಎರಡು ಮೂರು ಸೆಂಟಿಮೀಟರ್ ಜಾಗವನ್ನು ತೆರೆಯುತ್ತದೆ, ಅಷ್ಟೆ. ಬೈಪಾಸ್ ನಾಳ ಹೊಲಿಯುವುದು ಇವೆಲ್ಲ ದಾಟಿದ ಮೇಲೆ. ಹೀಗಾಗಿ ಇಂದಿನ ಬ್ಲಾಕ್ ಮಾತ್ರವಲ್ಲ, ಮೇಲ್ಭಾಗದಲ್ಲಿ ಮುಂದೆ ಹುಟ್ಟುವ ಬ್ಲಾಕ್‌ಗೂ ಅದು ಮೊದಲೇ ಬಳಸುದಾರಿ ಹಾಕಿಟ್ಟಂತೆ.

ಇದು ಬರೀ ತರ್ಕವಲ್ಲ. 2012ರಲ್ಲಿ ಪ್ರಕಟವಾದ ಫ್ರೀಡಂ ಎಂಬ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ಇದ್ದು, ಒಂದಕ್ಕಿಂತ ಹೆಚ್ಚು ನಾಳ ಕಟ್ಟಿದ್ದ 1,900 ಜನರನ್ನು ಎರಡು ಗುಂಪು ಮಾಡಿದರು. ಐದು ವರ್ಷದಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಈ ಮೂರರಲ್ಲಿ ಒಂದಾದರೂ ಆದದ್ದು ಸ್ಟೆಂಟ್ ಗುಂಪಿನಲ್ಲಿ 26.6 ಪರ್ಸೆಂಟ್, ಬೈಪಾಸ್ ಗುಂಪಿನಲ್ಲಿ 18.7. ಆದರೆ ಪಾರ್ಶ್ವವಾಯು ಒಂದನ್ನೇ ನೋಡಿದರೆ ಬೈಪಾಸ್‌ನಲ್ಲಿ 5.2, ಸ್ಟೆಂಟ್‌ನಲ್ಲಿ 2.4. ಈ ಎರಡನೆಯ ಅಂಕಿಯನ್ನೂ ಹೇಳಿಯೇ ರೋಗಿಯ ಒಪ್ಪಿಗೆ ಪಡೆಯಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಎಡ ಮುಖ್ಯ ನಾಳದ ಕಾಯಿಲೆ, ಎಲ್‌ಎಡಿ ಸೇರಿದ ಮೂರು ನಾಳದ ಕಾಯಿಲೆ, ಹೃದಯದ ಪಂಪಿಂಗ್ ಕುಗ್ಗಿರುವುದು, ಇವೂ ಬೈಪಾಸ್ ಕಡೆಗೆ ತೂಗುತ್ತವೆ. ಹೃದಯಾಘಾತ ಆಗುತ್ತಿರುವ ಗಳಿಗೆಯಲ್ಲಿ ಸ್ಟೆಂಟೇ ಮೇಲು, ಅಲ್ಲಿ ನಿಮಿಷಗಳ ಲೆಕ್ಕ. ಒಂದೆರಡು ಚಿಕ್ಕ ಬ್ಲಾಕ್ ಇದ್ದವರಿಗೆ, ತೀರಾ ವಯಸ್ಸಾಗಿ ಶಕ್ತಿ ಉಡುಗಿದವರಿಗೆ, ಶ್ವಾಸಕೋಶ ಬಹಳ ಕೆಟ್ಟವರಿಗೂ ಸ್ಟೆಂಟ್ ಒಳ್ಳೆಯದು. ಬ್ಲಾಕ್‌ಗಳ ಜಟಿಲತೆಗೆ ಅಂಕ ಹಾಕುವ ಸಿಂಟ್ಯಾಕ್ಸ್ ಸ್ಕೋರ್ ಎಂಬ ಲೆಕ್ಕವಿದೆ. 22ರವರೆಗೆ ಕಡಿಮೆ, 33 ಮತ್ತು ಮೇಲೆ ಹೆಚ್ಚು. ‘ಅಮ್ಮನ ಸ್ಕೋರ್ ಎಷ್ಟು?’ ಎಂದು ಕೇಳಿ. ಹೃದ್ರೋಗ ವೈದ್ಯರು ಮತ್ತು ಶಸ್ತ್ರಚಿಕಿತ್ಸಕರು ಇಬ್ಬರೂ ಒಟ್ಟಿಗೆ ಚಿತ್ರ ನೋಡಿ ತೀರ್ಮಾನಿಸಿದ್ದಾರೆಯೇ ಎಂದೂ ಕೇಳಿ.

ಕಾಲಿನಿಂದ, ಎದೆಯಿಂದ ನಾಳ ತೆಗೆದರೆ ಆ ಭಾಗ ಒಣಗುವುದಿಲ್ಲವೇ? ಯಾವ ನಾಳ ಒಳ್ಳೆಯದು?
(ಬಳ್ಳಾರಿ, ಬೀದರ್, ಕುಂದಾಪುರದಿಂದ ಮೂವರು)

ಒಣಗುವುದಿಲ್ಲ, ಬದಲಿ ದಾರಿ ಇರುವ ನಾಳಗಳನ್ನೇ ಆರಿಸುತ್ತಾರೆ. ಆದರೆ ‘ಯಾವುದು ಒಳ್ಳೆಯದು’ ಎಂಬುದು ಬೈಪಾಸ್‌ನ ಎಲ್ಲ ಪ್ರಶ್ನೆಗಳಲ್ಲಿ ದೊಡ್ಡದು. ಇದನ್ನು ಕೇಳುವವರು ಕಡಿಮೆ ಎಂಬುದು ನಮ್ಮ ಕೊರಗು. ‘ಎಷ್ಟು ಬೈಪಾಸ್, ಮೂರಾ, ನಾಲ್ಕಾ?’ ಎಂದು ಎಲ್ಲರೂ ಕೇಳುತ್ತಾರೆ. ಆ ಸಂಖ್ಯೆ ಹೇಳುವುದು ಎಷ್ಟು ಕಡೆ ಹೊಲಿಗೆ ಬಿತ್ತು ಎಂಬುದನ್ನು ಮಾತ್ರ. ಯಾವ ನಾಳ ಎಲ್ಲಿಗೆ ಹೋಯಿತು ಎಂಬುದರ ಮೇಲೆ ಮುಂದಿನ ಇಪ್ಪತ್ತು ವರ್ಷ ನಿಂತಿರುತ್ತದೆ.

ಎದೆಮೂಳೆಯ ಹಿಂದೆ, ಅಂಚಿನಿಂದ ಒಂದು ಬೆರಳಿನಷ್ಟು ದೂರದಲ್ಲಿ, ಎರಡೂ ಕಡೆ ಒಂದೊಂದು ಅಪಧಮನಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಎಡಗಡೆಯದಕ್ಕೆ ವೈದ್ಯರ ಬಾಯಲ್ಲಿ ‘ಲೀಮಾ’ ಎಂದು ಹೆಸರು. ಅದರ ಮೇಲ್ತುದಿಯನ್ನು ಕತ್ತರಿಸುವುದಿಲ್ಲ. ಎಡಗೈಗೆ ರಕ್ತ ಒಯ್ಯುವ ದೊಡ್ಡ ನಾಳದಿಂದ ಅದು ಹುಟ್ಟುವ ಜಾಗ ಹಾಗೇ ಉಳಿಯುತ್ತದೆ. ಕೆಳತುದಿಯನ್ನು ಮಾತ್ರ ಬಿಡಿಸಿ ಎಲ್‌ಎಡಿಗೆ ಹೊಲಿಯುತ್ತಾರೆ. ಕೊಬ್ಬು ಕಟ್ಟುವ ಕಾಯಿಲೆ ಈ ನಾಳಕ್ಕೆ ಬರುವುದು ತೀರಾ ಅಪರೂಪ. ಅದರ ಗೋಡೆಯ ಒಳಗಿನ ಸ್ಥಿತಿಸ್ಥಾಪಕ ಪದರದಲ್ಲಿ ಬಿರುಕುಗಳು ಕಡಿಮೆ, ಒಳಪೊರೆ ನೈಟ್ರಿಕ್ ಆಕ್ಸೈಡನ್ನು ಧಾರಾಳವಾಗಿ ಸ್ರವಿಸಿ ನಾಳವನ್ನು ಸಡಿಲವಾಗಿ, ನುಣುಪಾಗಿ ಇಡುತ್ತದೆ. ಹತ್ತು ವರ್ಷದ ನಂತರವೂ ಹತ್ತರಲ್ಲಿ ಒಂಬತ್ತು ಲೀಮಾಗಳು ತೆರೆದಿರುತ್ತವೆ.

ಕಾಲಿನದು ಸಿರೆ, ಹೃದಯಕ್ಕೆ ರಕ್ತ ಮರಳಿಸುವ ಬಗೆಯ ನಾಳ. ಪಾದದ ಒಳಗಂಟಿನಿಂದ ತೊಡೆಸಂದಿನವರೆಗೆ ಚರ್ಮದಡಿ ಹೋಗುವ ಉದ್ದದ ನಾಳ. ಕಾಲಿನ ರಕ್ತ ಮೇಲೇರಲು ಒಳಗೆ ದೊಡ್ಡ ಸಿರೆಗಳಿವೆ, ಆದ್ದರಿಂದ ಇದನ್ನು ತೆಗೆದರೆ ಕಾಲಿಗೆ ನಷ್ಟವಿಲ್ಲ. ಉದ್ದ ಸಿಗುತ್ತದೆ, ಬೇಗ ತೆಗೆಯಬಹುದು, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಒಳಗೆ ಒಮ್ಮುಖ ಕವಾಟಗಳಿರುವುದರಿಂದ ತಲೆಕೆಳಗು ಮಾಡಿ ಹೊಲಿಯಬೇಕು, ಇಲ್ಲದಿದ್ದರೆ ರಕ್ತ ತಡೆಯುತ್ತದೆ. ತೊಂದರೆ ಇರುವುದು ಬೇರೆ ಕಡೆ. ಮಲಗಿದ್ದಾಗ 10ರ ಆಸುಪಾಸಿನ ಒತ್ತಡಕ್ಕೆ ಒಗ್ಗಿದ್ದ ತೆಳು ನಾಳದ ಮೇಲೆ ಒಮ್ಮೆಗೇ 120ರ ಒತ್ತಡ ಬೀಳುತ್ತದೆ. ಮೊದಲ ತಿಂಗಳಲ್ಲಿ ಕೆಟ್ಟರೆ ಅದು ಹೆಪ್ಪುಗಟ್ಟಿ ಅಥವಾ ಹೊಲಿಗೆಯ ದೋಷದಿಂದ. ಮೊದಲ ವರ್ಷದಲ್ಲಿ ಕೆಟ್ಟರೆ ಒಳಪೊರೆ ದಪ್ಪಗಾಗಿ. ಐದು ವರ್ಷದ ನಂತರ ಕೆಟ್ಟರೆ ಹಳೆಯ ಶತ್ರುವಾದ ಕೊಬ್ಬಿನಿಂದ. ಹತ್ತು ವರ್ಷಕ್ಕೆ ಸುಮಾರು ಅರ್ಧದಷ್ಟು ಸಿರೆಗಳು ಮುಚ್ಚಿರುತ್ತವೆ ಅಥವಾ ಕಿರಿದಾಗಿರುತ್ತವೆ. ಸಿಗರೇಟು ಬಿಡದವರಲ್ಲಿ, ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿದವರಲ್ಲಿ ಇದು ಇನ್ನೂ ಬೇಗ.

ಮೂರನೆಯದು ಮುಂಗೈಯ ಅಪಧಮನಿ, ನಾಡಿ ಹಿಡಿದು ನೋಡುವ ನಾಳವೇ. ಸಿರೆಗಿಂತ ಹೆಚ್ಚು ಬಾಳುತ್ತದೆ. ತೆಗೆಯುವ ಮುನ್ನ ಮಣಿಕಟ್ಟಿನ ಎರಡೂ ನಾಳ ಒತ್ತಿ ಹಿಡಿದು, ಕಿರುಬೆರಳ ಕಡೆಯದನ್ನು ಮಾತ್ರ ಬಿಟ್ಟು, ಅಂಗೈ ಮತ್ತೆ ಕೆಂಪಾಗುತ್ತದೆಯೇ ಎಂದು ನೋಡುತ್ತಾರೆ. ಕೆಂಪಾಗದಿದ್ದರೆ ಆ ಕೈ ಮುಟ್ಟುವಂತಿಲ್ಲ. ಮೂತ್ರಪಿಂಡ ಕೆಟ್ಟು ಮುಂದೆ ಡಯಾಲಿಸಿಸ್ ಬೇಕಾಗಬಹುದಾದವರಲ್ಲಿ, ಇತ್ತೀಚೆಗೆ ಅದೇ ಮಣಿಕಟ್ಟಿನಿಂದ ಆಂಜಿಯೋಗ್ರಾಂ ಆದವರಲ್ಲಿ ಬಳಸಬಾರದು. ಇದು ಥಟ್ಟನೆ ಮುದುಡುವ ಸ್ವಭಾವದ ನಾಳವಾದ್ದರಿಂದ ಡಿಲ್ಟಿಯಜೆಮ್‌ನಂಥ ಮಾತ್ರೆ ಕೆಲವು ತಿಂಗಳು ಬೇಕು.

ಒಂದು ಎಚ್ಚರಿಕೆ. ಬ್ಲಾಕ್ ಸಾಕಷ್ಟು ಬಿಗಿಯಿಲ್ಲದ ನಾಳಕ್ಕೆ ಬೈಪಾಸ್ ಹಾಕಿದರೆ ಹಳೆಯ ದಾರಿಯ ರಕ್ತ ಹೊಸ ದಾರಿಯ ರಕ್ತವನ್ನು ತಡೆಯುತ್ತದೆ. ಆಗ ಲೀಮಾದಂಥ ಒಳ್ಳೆಯ ನಾಳವೂ ದಾರದಂತೆ ಸೊರಗಿಹೋಗುತ್ತದೆ. ‘ಹೇಗೂ ಎದೆ ತೆರೆಯುತ್ತೀರಿ, 40 ಪರ್ಸೆಂಟಿನದಕ್ಕೂ ಒಂದು ಹಾಕಿಬಿಡಿ’ ಎಂದು ಮನೆಯವರು ಒತ್ತಾಯಿಸುವುದು ಇದಕ್ಕೇ ತಪ್ಪು.

ಒಳಗೆ ಕರೆದುಕೊಂಡು ಹೋದ ಮೇಲೆ ಏನೇನು ಮಾಡುತ್ತಾರೆ? ಹೊರಗೆ ಕೂತವರಿಗೆ ನಾಲ್ಕೈದು ಗಂಟೆ ಏನೂ ತಿಳಿಯುವುದಿಲ್ಲ.
(ಮಂಡ್ಯ)

ಮೊದಲ ಒಂದು ಗಂಟೆ ಹೋಗುವುದು ಅರಿವಳಿಕೆಗೇ. ಮಣಿಕಟ್ಟಿನ ಅಪಧಮನಿಗೆ ಸೂಜಿ ಹಾಕಿ ಪ್ರತಿ ಬಡಿತದ ಬಿಪಿ ಪರದೆಯ ಮೇಲೆ ಕಾಣುವಂತೆ ಮಾಡುತ್ತಾರೆ. ಕುತ್ತಿಗೆಯ ದೊಡ್ಡ ಸಿರೆಗೆ ಔಷಧಿಯ ಕೊಳವೆ, ಶ್ವಾಸನಾಳಕ್ಕೆ ಉಸಿರಿನ ಕೊಳವೆ, ಮೂತ್ರಕ್ಕೆ ಇನ್ನೊಂದು. ಅನೇಕ ಕಡೆ ಅನ್ನನಾಳದೊಳಗೆ ಎಕೋ ಕೋಲು ಇಳಿಸಿ ಹೃದಯದ ಗೋಡೆಗಳ ಚಲನೆಯನ್ನು ಉದ್ದಕ್ಕೂ ನೋಡುತ್ತಿರುತ್ತಾರೆ.

ಆಮೇಲೆ ಕುತ್ತಿಗೆಯ ಕುಳಿಯ ಕೆಳಗಿನಿಂದ ಎದೆಮೂಳೆಯ ತುದಿಯವರೆಗೆ ಸೀಳು. ಮೂಳೆಯನ್ನು ನಡುವೆ ಗರಗಸದಿಂದ ಉದ್ದಕ್ಕೆ ಕೊಯ್ಯುತ್ತಾರೆ. ಒಬ್ಬರು ಲೀಮಾ ಬಿಡಿಸುವಾಗ ಇನ್ನೊಬ್ಬರು ಕಾಲಿನ ಸಿರೆ ತೆಗೆಯುತ್ತಿರುತ್ತಾರೆ. ಸಿರೆಯ ಪ್ರತಿ ಚಿಕ್ಕ ಕವಲನ್ನೂ ಕಟ್ಟಬೇಕು. ಒಂದು ಬಿಟ್ಟರೆ ರಾತ್ರಿ ರಕ್ತ ಸೋರುತ್ತದೆ. ಒತ್ತಡ ಹಾಕಿ ಉಬ್ಬಿಸಿದರೆ ಅಥವಾ ಒರಟಾಗಿ ಹಿಡಿದರೆ ಒಳಪೊರೆ ಹರಿದು ಕೆಲವೇ ದಿನದಲ್ಲಿ ಹೆಪ್ಪುಗಟ್ಟುತ್ತದೆ. ಬೈಪಾಸ್‌ನ ಅರ್ಧ ಭವಿಷ್ಯ ಕಾಲಿನ ಹತ್ತಿರ ಕೂತವರ ಕೈಯಲ್ಲಿದೆ ಎಂದರೂ ನಡೆದೀತು.

ನಂತರ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್. ತೂಕದ ಪ್ರತಿ ಕಿಲೋಗೆ 300ರಿಂದ 400 ಯೂನಿಟ್. ರಕ್ತ ಹೆಪ್ಪುಗಟ್ಟುವ ಸಮಯ 480 ಸೆಕೆಂಡ್ ದಾಟಿದ ಮೇಲೆಯೇ ಹಾರ್ಟ್-ಲಂಗ್ ಯಂತ್ರ ಶುರು. ಬಲ ಹೃತ್ಕರ್ಣದಿಂದ ಕಪ್ಪು ರಕ್ತ ಯಂತ್ರಕ್ಕೆ ಇಳಿಯುತ್ತದೆ, ಅಲ್ಲಿ ಆಮ್ಲಜನಕ ಸೇರಿ ನಿಮಿಷಕ್ಕೆ ನಾಲ್ಕೈದು ಲೀಟರ್‌ನಂತೆ ಮಹಾಪಧಮನಿಗೆ ಮರಳುತ್ತದೆ. ಮಹಾಪಧಮನಿಗೆ ಅಡ್ಡ ಚಿಮಟ ಹಾಕಿ, ಪೊಟ್ಯಾಸಿಯಂ ಹೆಚ್ಚಿರುವ ತಣ್ಣನೆಯ ದ್ರವವನ್ನು ಕರೋನರಿಗಳಿಗೆ ಬಿಟ್ಟರೆ ಹೃದಯ ಸಡಿಲವಾಗಿ ನಿಲ್ಲುತ್ತದೆ. ಇಸಿಜಿ ಗೆರೆ ಚಪ್ಪಟೆ. ರಕ್ತ ಬೆರೆಸಿದ ಸಾಮಾನ್ಯ ದ್ರವವಾದರೆ 15-20 ನಿಮಿಷಕ್ಕೊಮ್ಮೆ ಮತ್ತೆ ಕೊಡಬೇಕು.

ಈಗ ನಿಜವಾದ ಕೆಲಸ. ಒಂದೂವರೆ, ಎರಡು ಮಿಲಿಮೀಟರ್ ದಪ್ಪದ ನಾಳವನ್ನು ಐದು ಮಿಲಿಮೀಟರ್‌ನಷ್ಟು ಉದ್ದಕ್ಕೆ ಸೀಳಿ, ಬೈಪಾಸ್ ನಾಳದ ತುದಿಯನ್ನು ಓರೆಯಾಗಿ ಕತ್ತರಿಸಿ, ತಲೆಗೂದಲಿನಷ್ಟು ಸಣ್ಣ ಪಾಲಿಪ್ರೊಪಿಲೀನ್ ದಾರದಿಂದ, ಭೂತಗನ್ನಡಿ ಧರಿಸಿ, ಸುತ್ತಲೂ ಹತ್ತು ಹನ್ನೆರಡು ಹೊಲಿಗೆ. ಹೊಲಿಗೆ ಎದುರುಗೋಡೆಯನ್ನೂ ಹಿಡಿದುಬಿಟ್ಟರೆ ಅಥವಾ ದಾರ ಅತಿಯಾಗಿ ಬಿಗಿದರೆ ದಾರಿ ಮುಚ್ಚುತ್ತದೆ. ನಾಳ ಉದ್ದವಾದರೆ ಮಡಚುತ್ತದೆ, ಗಿಡ್ಡವಾದರೆ ಶ್ವಾಸಕೋಶ ಉಬ್ಬಿದಾಗ ಎಳೆಯುತ್ತದೆ. ಸಿರೆಗಳ ಇನ್ನೊಂದು ತುದಿ ಮಹಾಪಧಮನಿಗೆ ಹೊಲಿಗೆಯಾಗುತ್ತದೆ. ಲೀಮಾಕ್ಕೆ ಅದು ಬೇಡ, ಅದರ ಮೂಲ ಮೊದಲೇ ಗಟ್ಟಿಯಾಗಿದೆ.

ಚಿಮಟ ತೆಗೆದು ಬಿಸಿ ರಕ್ತ ಹರಿದರೆ ಹೃದಯ ಮತ್ತೆ ಮಿಡಿಯುತ್ತದೆ. ಪ್ರತಿ ಬೈಪಾಸ್‌ನ ಹರಿವನ್ನು ಅಳೆಯುವ ಸಾಧನವಿದೆ. ನಿಮಿಷಕ್ಕೆ 20 ಮಿಲಿಗಿಂತ ಕಡಿಮೆ ಬಂದು ಅಡೆತಡೆಯ ಸೂಚ್ಯಂಕ 5 ದಾಟಿದರೆ ಹೊಲಿಗೆ ಬಿಚ್ಚಿ ನೋಡಬೇಕು. ಎದೆ ಮುಚ್ಚುವ ಮೊದಲೇ ತಪ್ಪು ಹಿಡಿಯುವ ಈ ಅಳತೆ ಪ್ರತಿ ರೋಗಿಗೂ ಆಗಬೇಕು. ಕೊನೆಗೆ ಪ್ರೋಟಮಿನ್ ಕೊಟ್ಟು ಹೆಪಾರಿನ್ ಇಳಿಸಿ, ರಕ್ತ ಹೊರಹೋಗುವ ಕೊಳವೆಗಳನ್ನೂ ಬಡಿತಕ್ಕೆ ನೆರವಾಗುವ ಪೇಸಿಂಗ್ ತಂತಿಗಳನ್ನೂ ಇಟ್ಟು, ಆರೆಂಟು ಉಕ್ಕಿನ ತಂತಿಗಳಿಂದ ಮೂಳೆ ಬಿಗಿಯುತ್ತಾರೆ. ಮೂಳೆಯ ಆ ಉಕ್ಕಿನ ತಂತಿ ಜೀವಮಾನವಿಡೀ ಇರುತ್ತದೆ, ಎಂಆರ್‌ಐಗೆ ಅಡ್ಡಿಯಿಲ್ಲ.

ಹೃದಯ ನಿಲ್ಲಿಸದೆ ಮಾಡುವ ಬೈಪಾಸ್ ಮೇಲೆಂದು ಜಾಹೀರಾತುಗಳಲ್ಲಿ ನೋಡಿದೆವು.
(ದಾವಣಗೆರೆ)

ಮಿಡಿಯುವ ಹೃದಯದ ಮೇಲೆ, ಹೊಲಿಯುವ ಜಾಗವನ್ನಷ್ಟೇ ಹೀರುಬಟ್ಟಲುಗಳ ಸಾಧನದಿಂದ ಅಲುಗದಂತೆ ಹಿಡಿದು ಮಾಡುವ ವಿಧಾನ ಅದು. ಭಾರತದಲ್ಲಿ ಬಹಳ ಹೆಚ್ಚಾಗಿ ನಡೆಯುತ್ತದೆ. 19 ದೇಶಗಳ 4,752 ರೋಗಿಗಳ ಮೇಲೆ ನಡೆದ ಕರೋನರಿ ಎಂಬ ಅಧ್ಯಯನದಲ್ಲಿ ಐದು ವರ್ಷದ ನಂತರ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮಹಾಪಧಮನಿಯಲ್ಲಿ ಸುಣ್ಣ ಗಟ್ಟಿಯಾಗಿ ಕೂತವರಲ್ಲಿ ಚಿಮಟ ಹಾಕಿದರೆ ಚೂರು ಹಾರಿ ಮಿದುಳಿಗೆ ಹೋಗುವ ಭಯವಿದೆ, ಅಂಥವರಿಗೆ ಯಂತ್ರವಿಲ್ಲದ ದಾರಿ ನಿಜಕ್ಕೂ ಉಪಕಾರಿ. ಆದರೆ ಹೃದಯದ ಹಿಂಭಾಗದ ನಾಳಗಳಿಗೆ ಅಲುಗಾಟದ ನಡುವೆ ಹೊಲಿಯುವುದು ಕಷ್ಟ, ಅನುಭವ ಕಡಿಮೆ ಇದ್ದರೆ ಒಂದು ಬೈಪಾಸ್ ಕಡಿಮೆಯಾಗುತ್ತದೆ. ನಿಮ್ಮ ಶಸ್ತ್ರಚಿಕಿತ್ಸಕರು ದಿನವೂ ಯಾವುದನ್ನು ಮಾಡುತ್ತಾರೋ ಅದನ್ನೇ ಮಾಡಲಿ.

ಇದನ್ನು ಮೊದಲು ಮಾಡಿದವರು ಯಾರು?
(ವಿದ್ಯಾರ್ಥಿನಿ, ಧಾರವಾಡ)

ಒಬ್ಬರ ಹೆಸರು ಹೇಳಿದರೆ ಉಳಿದವರಿಗೆ ಅನ್ಯಾಯ. 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹಾರ್ಟ್-ಲಂಗ್ ಯಂತ್ರ ಬಳಸಿ ಹೃದಯದ ರಂಧ್ರವೊಂದನ್ನು ಮುಚ್ಚಿದರು. 1960ರಲ್ಲಿ ನ್ಯೂಯಾರ್ಕಿನಲ್ಲಿ ರಾಬರ್ಟ್ ಗೋಟ್ಜ್ ಎದೆಯ ನಾಳವನ್ನು ಕರೋನರಿಗೆ ಜೋಡಿಸಿದರು. 1964ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ವಾಸಿಲಿ ಕೊಲೆಸೊವ್ ಮಿಡಿಯುವ ಹೃದಯದ ಮೇಲೆ ಅದನ್ನೇ ಹೊಲಿದು ಮಾಡಿದರು. ಅರ್ಜೆಂಟೀನಾದ ರೆನೆ ಫವಲೋರೊ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಕಾಲಿನ ಸಿರೆ ಬಳಸಿ, ಇದನ್ನು ಎಲ್ಲರೂ ಕಲಿತು ಮಾಡಬಲ್ಲ ಕ್ರಮವಾಗಿಸಿದರು. ಭಾರತದಲ್ಲಿ ಮೊದಲ ಯಶಸ್ವಿ ಬೈಪಾಸ್ 1975ರಲ್ಲಿ, ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ, ಡಾ. ಕೆ.ಎಂ. ಚೆರಿಯನ್ ಅವರ ಕೈಯಲ್ಲಿ. ಕೊಲೆಸೊವ್ ಆರಿಸಿದ ನಾಳವೇ ಇಂದು ಎಲ್ಲೆಡೆ ಮೊದಲ ಆಯ್ಕೆ ಎಂಬುದನ್ನು ಗಮನಿಸಿ.

ಮುಂದಿನ ವಾರ ದಿನ ಕೊಟ್ಟಿದ್ದಾರೆ. ಈಗ ತಗೊಳ್ಳುತ್ತಿರುವ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು?
(ತುಮಕೂರು)

ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ, ಪಟ್ಟಿ ಹಿಡಿದುಕೊಂಡು ಕೇಳಿ. ಕೇಳುವಾಗ ತಿಳಿದಿರಬೇಕಾದದ್ದು ಇಷ್ಟು. ಆಸ್ಪಿರಿನ್ ಸಾಮಾನ್ಯವಾಗಿ ಮುಂದುವರಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಉಳಿದ ಮಾತ್ರೆಗಳಲ್ಲಿ ಕ್ಲೋಪಿಡೋಗ್ರೆಲ್ 5 ದಿನ, ಪ್ರಾಸುಗ್ರೆಲ್ 7 ದಿನ, ಟಿಕಾಗ್ರೆಲರ್ 3ರಿಂದ 5 ದಿನ ಮೊದಲು ನಿಲ್ಲುತ್ತವೆ, ಇಲ್ಲದಿದ್ದರೆ ರಕ್ತಸ್ರಾವ ಹತೋಟಿಗೆ ಬರುವುದಿಲ್ಲ. ಇತ್ತೀಚೆಗೆ ಸ್ಟೆಂಟ್ ಹಾಕಿದ್ದರೆ ಈ ಲೆಕ್ಕ ಬದಲಾಗುತ್ತದೆ, ಆದ್ದರಿಂದ ಹೇಳಲು ಮರೆಯಬೇಡಿ. ಸಕ್ಕರೆ ಕಾಯಿಲೆಯ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು 3 ದಿನ ಮೊದಲು ನಿಲ್ಲಬೇಕು. ಬಹಳ ಮನೆಗಳಲ್ಲಿ ತಪ್ಪಿಹೋಗುವುದು ಇದೇ. ಉಪವಾಸವಿದ್ದಾಗ ಇವು ರಕ್ತವನ್ನು ಆಮ್ಲೀಯವಾಗಿಸುತ್ತವೆ. ಗ್ಲೂಕೋಸ್ ಅಂಕಿ ಮಾಮೂಲಾಗಿಯೇ ಕಾಣುವುದರಿಂದ ಪತ್ತೆ ತಡವಾಗುತ್ತದೆ. ನಾಟಿ ಔಷಧಿ, ಲೇಹ್ಯ, ಮೀನೆಣ್ಣೆ ಮಾತ್ರೆ ಏನೇ ಇದ್ದರೂ ಹೇಳಿ.

ಬೀಡಿ, ಸಿಗರೇಟು ಇಂದೇ ನಿಲ್ಲಲಿ. ನಾಲ್ಕು ವಾರ ಮೊದಲೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಹಲ್ಲಿನಲ್ಲಿ ಕೀವು, ಕಾಲಿನಲ್ಲಿ ಗಾಯ, ಮೂತ್ರದಲ್ಲಿ ಉರಿ ಇದ್ದರೆ ಮುಚ್ಚಿಡಬೇಡಿ. ಎದೆಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ, ಗೀರುಗಳಲ್ಲಿ ಸೋಂಕು ಹುಟ್ಟುತ್ತದೆ. ಆಸ್ಪತ್ರೆಯಲ್ಲಿ ಯಂತ್ರದಿಂದ ಕತ್ತರಿಸುತ್ತಾರೆ. ಮೂರು ಚೆಂಡುಗಳ ಉಸಿರಾಟದ ಆಟಿಕೆಯನ್ನು ಈಗಲೇ ತಂದು ಅಭ್ಯಾಸ ಮಾಡಿ, ನೋವಿನ ನಡುವೆ ಹೊಸದಾಗಿ ಕಲಿಯಲು ಆಗುವುದಿಲ್ಲ.

ಏನೇನು ಕೆಡಬಹುದು? ಯಾರೂ ಬಿಡಿಸಿ ಹೇಳುತ್ತಿಲ್ಲ.
(ಚಿತ್ರದುರ್ಗ)

ಮೊದಲೇ ದಿನ ಗೊತ್ತುಮಾಡಿ, ಪಂಪಿಂಗ್ ಚೆನ್ನಾಗಿರುವವರಿಗೆ ಮಾಡುವ ಬೈಪಾಸ್‌ನಲ್ಲಿ ಸಾವಿನ ಅಪಾಯ ನೂರಕ್ಕೆ ಒಂದೆರಡು. ಹೃದಯಾಘಾತದ ನಡುವೆ ತುರ್ತಾಗಿ ಮಾಡಿದರೆ, ಮೂತ್ರಪಿಂಡ ಕೆಟ್ಟಿದ್ದರೆ, ಪಂಪಿಂಗ್ 30 ಪರ್ಸೆಂಟ್‌ಗಿಂತ ಕೆಳಗಿದ್ದರೆ ಇದು ಹಲವು ಪಟ್ಟು ಏರುತ್ತದೆ. ಪಾರ್ಶ್ವವಾಯುವಿನ ಅಪಾಯವೂ ನೂರಕ್ಕೆ ಒಂದೆರಡು.

ಮೊದಲ ರಾತ್ರಿಯ ಭಯ ರಕ್ತಸ್ರಾವ. ಕೊಳವೆಯಿಂದ ಗಂಟೆಗೆ 200 ಮಿಲಿ ದಾಟಿ ಸತತವಾಗಿ ಬಂದರೆ ಮತ್ತೆ ಥಿಯೇಟರಿಗೆ ಒಯ್ಯುತ್ತಾರೆ. ಕೊಳವೆಯಲ್ಲಿ ರಕ್ತ ಹಠಾತ್ ನಿಂತು ಬಿಪಿಯೂ ಇಳಿದರೆ ಅದು ಇನ್ನೂ ಕೆಟ್ಟ ಸೂಚನೆ. ರಕ್ತ ಒಳಗೇ ಹೆಪ್ಪುಗಟ್ಟಿ ಹೃದಯವನ್ನು ಅಮುಕುತ್ತಿರಬಹುದು. ಎರಡನೆಯ, ಮೂರನೆಯ ದಿನ ಮೂರು ನಾಲ್ಕು ಜನರಲ್ಲಿ ಒಬ್ಬರಿಗೆ ಹೃದಯದ ಬಡಿತ ತಾಳ ತಪ್ಪುತ್ತದೆ. ಎದೆ ಡವಡವ ಎನ್ನುತ್ತದೆ, ರೋಗಿ ಹೆದರುತ್ತಾರೆ. ಇದು ಔಷಧಿಗೆ ಬಗ್ಗುವಂಥದ್ದು.

ನಾವು ಹೆಚ್ಚು ಅಂಜುವುದು ಎದೆಮೂಳೆಯ ಆಳದ ಸೋಂಕಿಗೆ. ನೂರಕ್ಕೆ ಒಬ್ಬರ ಆಸುಪಾಸಿನಲ್ಲಿ ಬರುವ ಇದು ಹೆಚ್ಚಾಗಿ ಎರಡನೆಯ, ಮೂರನೆಯ ವಾರದಲ್ಲಿ, ಮನೆಗೆ ಹೋದ ಮೇಲೆ ತಲೆಯೆತ್ತುತ್ತದೆ. ಸಕ್ಕರೆ 180 ದಾಟದಂತೆ ಇನ್ಸುಲಿನ್ ಹನಿಸುವುದು, ತಿರುಗಿದಾಗ ಮೂಳೆ ‘ಕಟಕ್’ ಎನ್ನುತ್ತದೆಯೇ ಎಂದು ಕೇಳುವುದು, ಎಲ್ಲವೂ ಇದಕ್ಕೆ. ಕೆಲವರಿಗೆ ಕೆಲವು ವಾರ ಮರೆವು, ಮಂಕು, ಸಣ್ಣದಕ್ಕೂ ಅಳು ಬರುತ್ತದೆ. ಮನೆಯವರು ‘ಧೈರ್ಯ ತಗೋ’ ಎಂದು ಗದರಿಸದೆ ಜೊತೆಗೆ ಕೂತರೆ ಸಾಕು. ಆರು ವಾರ ದಾಟಿಯೂ ಹಾಗೇ ಇದ್ದರೆ ವೈದ್ಯರಿಗೆ ತಿಳಿಸಿ.

ಮನೆಗೆ ಬಂದು ಹತ್ತು ದಿನ. ಮುದ್ದೆ ತಿನ್ನಬಹುದೇ? ನೆಲದ ಮೇಲೆ ಕೂರಬಹುದೇ? ತೋಟಕ್ಕೆ ಬೈಕಿನಲ್ಲಿ ಯಾವಾಗ ಹೋಗಬಹುದು?
(ಅಡಿಕೆ ಬೆಳೆಗಾರರು, ಸಾಗರ, ಇದೇ ಅರ್ಥದ ಇನ್ನೂ ಹಲವರು)

ಮುದ್ದೆ ಧಾರಾಳವಾಗಿ ತಿನ್ನಿ. ಸಕ್ಕರೆ ಕಾಯಿಲೆ ಇದ್ದರೆ ಮುದ್ದೆಯ ಗಾತ್ರ ನೋಡಿಕೊಳ್ಳಿ. ರಾಗಿಗೆ ಸಕ್ಕರೆ ಏರಿಸುವ ಗುಣ ಇಲ್ಲವೆಂಬುದು ತಪ್ಪು ನಂಬಿಕೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಡ, ದಿನದ ಒಟ್ಟು ಉಪ್ಪು ಒಂದು ಟೀ ಚಮಚದೊಳಗೆ. ಮೊದಲ ತಿಂಗಳು ಹಸಿವೇ ಇರುವುದಿಲ್ಲ, ಬಾಯಿ ರುಚಿ ಕೆಟ್ಟಿರುತ್ತದೆ. ಆಗ ಪಥ್ಯವೆಂದು ಬರೀ ಗಂಜಿ ಕುಡಿಸಿದರೆ ಗಾಯ ಕೂಡುವುದಿಲ್ಲ. ಬೇಳೆ, ಮೊಳಕೆಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆಯ ಬಿಳಿ ಮತ್ತು ಮೀನು ಬೇಕು. ಮಲಬದ್ಧತೆ ಆಗದಂತೆ ನೋಡಿ, ಮುಕ್ಕಿದರೆ ಎದೆಮೂಳೆಯ ಮೇಲೆ ಬಲ ಬೀಳುತ್ತದೆ.

ಮೂಳೆ ಕೂಡಲು ಆರೆಂಟು ವಾರ, ಪೂರ್ತಿ ಗಟ್ಟಿಯಾಗಲು ಹನ್ನೆರಡು. ಅಲ್ಲಿಯವರೆಗಿನ ನಿಯಮ ಒಂದೇ: ಎರಡು ತೋಳುಗಳಿಂದ ಎಳೆಯುವ, ತಳ್ಳುವ, ಊರಿ ಏಳುವ ಕೆಲಸ ಬೇಡ. ನೆಲದಿಂದ ಏಳುವಾಗ ಕೈ ಊರಲೇಬೇಕಾಗುತ್ತದೆ, ಆದ್ದರಿಂದ ಕುರ್ಚಿ, ಕಮೋಡ್. ಹಾಸಿಗೆಯಿಂದ ಏಳಲು ಮೊದಲು ಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು, ತೊಡೆಯ ಬಲದಿಂದ ಏಳಿ. ಕೆಮ್ಮುವಾಗ ದಿಂಬನ್ನು ಎದೆಗೆ ಒತ್ತಿಕೊಳ್ಳಿ. ಎರಡು ಮೂರು ಕಿಲೋಗಿಂತ ಭಾರ ಎತ್ತಬೇಡಿ. ತುಂಬಿದ ಕೊಡ, ಮೊಮ್ಮಗು, ಗೊಬ್ಬರದ ಪುಟ್ಟಿ ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಬಸ್ಸಿನಲ್ಲಿ ನಿಂತು ಮೇಲಿನ ಕಂಬಿ ಹಿಡಿಯಬೇಡಿ. ಬ್ರೇಕ್ ಹಾಕಿದ ಒಂದು ಜಗ್ಗಿಗೆ ತಂತಿ ಮೂಳೆಯನ್ನು ಕೊಯ್ದುಕೊಂಡು ಹೊರಬರಬಹುದು. ಬೈಕ್ ಮೂರು ತಿಂಗಳು ಬೇಡ. ಹ್ಯಾಂಡಲ್ ಎಳೆತ, ಗುಂಡಿ ರಸ್ತೆಯ ಕುಲುಕು, ಬಿದ್ದರಂತೂ ಕೇಳುವುದೇ ಬೇಡ. ಕೂತು ಮಾಡುವ ಕೆಲಸಕ್ಕೆ ಆರೆಂಟು ವಾರದಲ್ಲಿ ಹೋಗಬಹುದು. ದೋಟಿ ಹಿಡಿದು ಕೊನೆ ಇಳಿಸುವುದು, ಗುದ್ದಲಿ ಹಿಡಿಯುವುದು ಮೂರು ತಿಂಗಳ ನಂತರ, ವೈದ್ಯರು ನೋಡಿದ ಮೇಲೆ.

ನಡಿಗೆ ಮಾತ್ರ ಮೊದಲ ದಿನದಿಂದ. ಐದು ನಿಮಿಷದಿಂದ ಶುರುಮಾಡಿ, ದಿನಕ್ಕೆ ಒಂದೆರಡು ನಿಮಿಷ ಏರಿಸಿ ಅರ್ಧ ಗಂಟೆಗೆ ತನ್ನಿ. ನಡೆಯುವಾಗ ಮಾತಾಡಲು ಆಗುವಷ್ಟು ವೇಗ ಸಾಕು. ಹೆಂಗಸರು ತಂತಿಯಿಲ್ಲದ ಮೆತ್ತನೆಯ ಒಳಉಡುಪು ಹಾಕಿಕೊಳ್ಳಲೇಬೇಕು. ಸ್ತನದ ಭಾರ ಗಾಯವನ್ನು ಎರಡೂ ಕಡೆಗೆ ಎಳೆಯುತ್ತದೆ. ಸಂಕೋಚದಿಂದ ಇದನ್ನು ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ. ದಾಂಪತ್ಯದ ಬಗ್ಗೆ ಬರೆದವರಿಗೆ: ನಿಲ್ಲದೆ ಎರಡು ಮಹಡಿ ಹತ್ತಿ ಏದುಸಿರು ಬರದಿದ್ದರೆ ತೊಂದರೆಯಿಲ್ಲ, ಎದೆಯ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ (ವಯಾಗ್ರ) ಮುಟ್ಟಬಾರದು, ಬಿಪಿ ಪ್ರಾಣ ಹೋಗುವಷ್ಟು ಇಳಿಯುತ್ತದೆ.

ಜ್ವರ, ಗಾಯದಿಂದ ಕೀವು ಅಥವಾ ನೀರು, ಮೂಳೆಯ ಕಟಕಟ, ಮಲಗಿದರೆ ಉಸಿರು ಕಟ್ಟುವುದು, ಎರಡು ದಿನದಲ್ಲಿ ಎರಡು ಕಿಲೋ ತೂಕ ಏರುವುದು, ಇವಕ್ಕೆ ಮರುದಿನದವರೆಗೆ ಕಾಯಬೇಡಿ.

ಎದೆಯ ಎಡಭಾಗ ಮರಗಟ್ಟಿದೆ, ನಾಳ ತೆಗೆದ ಕಾಲು ಸಂಜೆಗೆ ಊದುತ್ತದೆ.
(ಮಡಿಕೇರಿ)

ಎರಡೂ ನಿರೀಕ್ಷಿತ. ಲೀಮಾ ಬಿಡಿಸುವಾಗ ಚರ್ಮದ ಸಣ್ಣ ನರಗಳಿಗೆ ಪೆಟ್ಟಾಗುತ್ತದೆ, ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಲ್ಲಿ ಸ್ವಲ್ಪ ಉಳಿಯುತ್ತದೆ. ಊತಕ್ಕೆ ಬಿಗಿ ಕಾಲುಚೀಲ, ಕೂತಾಗ ಕಾಲು ಎತ್ತರಕ್ಕೆ. ಮೀನಖಂಡ ನೋಯುತ್ತ ಬಿಸಿಯಾಗಿ ಗಟ್ಟಿಯಾದರೆ ಮಾತ್ರ ಅದೇ ದಿನ ತೋರಿಸಿ.

ಡ್ರಿಪ್ ಹಾಕಿ ಬ್ಲಾಕ್ ಕರಗಿಸುತ್ತೇವೆ, ಬೈಪಾಸ್ ಬೇಡ ಎನ್ನುವವರಿದ್ದಾರೆ. ನಿಜವೇ?
(ಹುಬ್ಬಳ್ಳಿ, ಕೋಲಾರ, ವಿಜಯಪುರ)

ನಿಜವಲ್ಲ. ಚೆಲೇಶನ್ ಎಂಬ ಆ ಡ್ರಿಪ್‌ನಲ್ಲಿರುವುದು ಇಡಿಟಿಎ, ಸೀಸ ಮುಂತಾದ ಲೋಹದ ವಿಷ ತೆಗೆಯಲು ಬಳಸುವ ರಾಸಾಯನಿಕ. ಕರೋನರಿಯ ಬ್ಲಾಕನ್ನು ಅದು ಕರಗಿಸುವುದಿಲ್ಲ. ಸಕ್ಕರೆ ಕಾಯಿಲೆ ಇದ್ದು ಹೃದಯಾಘಾತವಾಗಿದ್ದವರ ಮೇಲೆ ನಡೆಸಿದ, 2024ರಲ್ಲಿ ಪ್ರಕಟವಾದ ಟ್ಯಾಕ್ಟ್-2 ಅಧ್ಯಯನದಲ್ಲಿ ಹೃದಯದ ತೊಂದರೆಗಳು ಇದರಿಂದ ಕಡಿಮೆಯಾಗಲಿಲ್ಲ. ತಪ್ಪಾಗಿ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ, ಮೂತ್ರಪಿಂಡ ಕೆಡುತ್ತದೆ. ಎಡ ಮುಖ್ಯ ನಾಳದ ಕಾಯಿಲೆ ಇಟ್ಟುಕೊಂಡು ಈ ಡ್ರಿಪ್‌ಗಳಿಗೆ ತಿಂಗಳುಗಟ್ಟಲೆ ಹೋಗುವವರ ಮನೆಯವರಲ್ಲಿ ಕೈಮುಗಿದು ಕೇಳುತ್ತೇವೆ, ದಯವಿಟ್ಟು ನಿಲ್ಲಿಸಿ.

ಖರ್ಚಿಗೆ ಸರ್ಕಾರದ ನೆರವು ಇದೆಯೇ?
(ರಾಯಚೂರು)

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬೈಪಾಸ್ ಸೇರಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಅಡ್ಮಿಟ್ ಆಗುವ ಮೊದಲೇ, ಈ ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಾಣಿ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಲ್ಲದೆ ಮೈಸೂರು, ಕಲಬುರಗಿಯಲ್ಲೂ ಇದೆ. ನಿಮಗೆ ಕಲಬುರಗಿ ಹತ್ತಿರ.

ಒಂಬತ್ತು ವರ್ಷದ ಹಿಂದೆ ಬೈಪಾಸ್ ಆಗಿದೆ. ಈಗ ಮತ್ತೆ ನಡೆದರೆ ಎದೆ ಹಿಡಿಯುತ್ತದೆ. ಇನ್ನೊಮ್ಮೆ ಮಾಡಬಹುದೇ?
(ಉಡುಪಿ)

ಮಾಡಬಹುದು, ಆದರೆ ಅದು ಕೊನೆಯ ಆಯ್ಕೆ. ಎರಡನೆಯ ಸಲ ಗರಗಸ ಇಳಿಯುವಾಗ ಹೃದಯವೂ ಲೀಮಾವೂ ಮೂಳೆಯ ಹಿಂಭಾಗಕ್ಕೆ ಅಂಟಿಕೊಂಡಿರುತ್ತವೆ, ಮೊದಲು ಸಿಟಿ ಸ್ಕ್ಯಾನ್ ಮಾಡಿ ಅಂತರ ನೋಡಬೇಕು. ಹೆಚ್ಚಿನವರಲ್ಲಿ ಕೆಟ್ಟಿರುವುದು ಕಾಲಿನ ಸಿರೆ, ಲೀಮಾ ಚೆನ್ನಾಗಿರುತ್ತದೆ. ಆಗ ಸ್ಟೆಂಟ್‌ನಲ್ಲೇ ಮುಗಿಸಲು ನೋಡುತ್ತಾರೆ. ಹಳೆಯ ಸಿರೆಯೊಳಗಿನ ಕೊಬ್ಬು ಪುಡಿಪುಡಿಯಾಗಿ ಮುಂದೆ ಹರಿದು ಸಣ್ಣ ನಾಳಗಳನ್ನು ಮುಚ್ಚುವುದರಿಂದ, ಸಾಧ್ಯವಾದರೆ ಸಿರೆಗಲ್ಲ, ನಿಮ್ಮ ಮೂಲ ಕರೋನರಿಗೇ ಸ್ಟೆಂಟ್ ಹಾಕುವುದು ಮೇಲು.

ಆಸ್ಪಿರಿನ್ ಅಥವಾ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಡುವೆ ಯಾವಾಗಲಾದರೂ ನಿಂತಿತ್ತೇ ಎಂದು ನೋಡಿ. ‘ಆಪರೇಷನ್ ಆಯಿತಲ್ಲ, ಇನ್ನೇಕೆ’ ಎಂದು ಬಿಟ್ಟವರೇ ಬಹಳ. ಕೆಟ್ಟ ಕೊಲೆಸ್ಟ್ರಾಲ್ (ಎಲ್‌ಡಿಎಲ್) 70ರ ಕೆಳಗೆ, ಸಾಧ್ಯವಾದರೆ 55ರ ಕೆಳಗೆ ಇರಬೇಕು. ಎರಡೂ ತೋಳುಗಳ ಬಿಪಿ ನೋಡಿಸಿ. ಎಡಗೈಯಲ್ಲಿ 15-20 ಅಂಕ ಕಡಿಮೆ ಇದ್ದರೆ ಎಡಗೈಯ ದೊಡ್ಡ ನಾಳವೇ ಕಟ್ಟಿಕೊಂಡಿರಬಹುದು. ಲೀಮಾ ಹುಟ್ಟುವುದು ಅಲ್ಲಿಂದಲೇ ಆದ್ದರಿಂದ ಬೈಪಾಸ್ ಸರಿಯಿದ್ದರೂ ಹೃದಯಕ್ಕೆ ರಕ್ತ ಸಾಲದಾಗುತ್ತದೆ.

ಹಳೆಯ ಆಪರೇಷನ್ ಟಿಪ್ಪಣಿಯನ್ನು ಹುಡುಕಿ ತೆಗೆಯಿರಿ, ಡಿಸ್ಚಾರ್ಜ್ ಚೀಟಿ ಸಾಲದು. ಯಾವ ನಾಳ ಯಾವ ಕರೋನರಿಗೆ ಹೋಗಿದೆ ಎಂದು ಅದರಲ್ಲಿ ಬರೆದಿರುತ್ತದೆ. ಅದಿಲ್ಲದಿದ್ದರೆ ಆಂಜಿಯೋಗ್ರಾಂ ಮಾಡುವವರು ಒಂದೊಂದೇ ಬಾಯಿ ಹುಡುಕುತ್ತಾ ಹೆಚ್ಚು ಬಣ್ಣದ ದ್ರವ ಬಿಡಬೇಕಾಗುತ್ತದೆ, ಮೂತ್ರಪಿಂಡಕ್ಕೆ ಅದು ಹೊರೆ. ಬಲ ಮಣಿಕಟ್ಟಿಗಿಂತ ಎಡ ಮಣಿಕಟ್ಟಿನಿಂದ ಹೋದರೆ ಲೀಮಾ ಸುಲಭವಾಗಿ ಸಿಗುತ್ತದೆ ಎಂಬುದನ್ನೂ ಅವರೊಡನೆ ಮಾತಾಡಿ. ಕೂತಲ್ಲೇ ಎದೆ ಹಿಡಿದರೆ, ನೋವು ಹದಿನೈದು ನಿಮಿಷ ದಾಟಿದರೆ ಟಿಪ್ಪಣಿ ಹುಡುಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ.